ಅಕ್ಕನ ಹಾಡಿಗೆ ನಾನು ಹೇಳಿದ ಅರ್ಥ

ಬಲಗೈಯ ಬೆರಳ ತುದಿಗಳು ಸುಟ್ಟು ಸುಟ್ಟು ಗಟ್ಟಿಯಾಗಿದ್ದವು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚಿ ಹಾಕುತ್ತಿದ್ದಳು, ನಮ್ಮ ಪಕ್ಕದ ಮನೆಯ ಅಕ್ಕ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಸಿಂಧನೂರಿನ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಒಬ್ಬಳೇ ಬದುಕುತ್ತಿದ್ದಳು. ಬಡಿಯುವಾಗ ಬಾಯಲ್ಲಿ ಹಾಡು ಇರಲೇಬೇಕು. ಬೀದಿಯ ಆಟೋದಲ್ಲಿ ಸಿನಿಮಾ ಹಾಡು ಕೇಳಿಸಿದರೆ ಅದಕ್ಕೊಂದು ಅರ್ಥವನ್ನೂ ಹೇಳಬೇಕು. “ನೀ ಇಲ್ದಿದ್ರ ಸಾಯ್ತೀನಿ ಅನ್ನಾಕತ್ತಾನ ನೋಡ್ರಿ ಮಾಸ್ತರ. ಎಲ್ಲೂ ಸಾಯಂಗಿಲ್ಲ. ಎರಡು ರೊಟ್ಟಿ ಹೆಚ್ಚಿಗಿ ತಿಂತಾನ!”

ಅರ್ಥ ಹೇಳುವುದರಲ್ಲಿ ನಾನೇನು ಕಮ್ಮಿಯವನಲ್ಲ. ಸೋಮವಾರದ ಭಜನೆಯಲ್ಲಿ ಪದ ಮುಗಿದ ಮೇಲೆ ಅದರ ಅರ್ಥ ಬಿಡಿಸಿ ಹೇಳುವುದು ನಮ್ಮ ಓಣಿಯ ರೂಢಿ. ಸಾಲಿ ಮಾಸ್ತರನೆಂದು ಆ ಕೆಲಸ ನನಗೆ ಬಂದಿತ್ತು. ಒಮ್ಮೆ ಅಕ್ಕ ತಾನೇ ಕಟ್ಟಿದ್ದನ್ನು ಹಾಡಿದಳು:

ಉಂಡಿಯ ಕಟ್ಟೀನಿ, ಜೋಕಾಲಿ ಬಿಟ್ಟೀನಿ
ದಾರಿ ನೋಡೀನಿ ಹಗಲೆಲ್ಲ, ತವರಿಂದ
ಕರಿಯಾಕ ಯಾರೂ ಬರಲಿಲ್ಲ.

ಶುರು ಹಚ್ಚಿಕೊಂಡೆ. ಉಂಡಿ ಎಂದರೆ ಕರ್ಮ, ಜೋಕಾಲಿ ಎಂದರೆ ಹುಟ್ಟು ಸಾವು, ತವರು ಎಂದರೆ ಕೈಲಾಸ, ಕರೆಯಲು ಬರಬೇಕಾದವನು ಗುರು. ಎಲ್ಲರೂ ತಲೆದೂಗಿದರು. ನನಗೂ ಒಳಗೊಳಗೇ ಹೆಮ್ಮೆ.

ಮನೆಯ ದಾರಿಯಲ್ಲಿ ಅಕ್ಕ ಮೆಲ್ಲಗೆ ಅಂದಳು: “ಚಲೋ ಹೇಳಿದ್ರಿ. ಆದ್ರ ಅದು ಕೈಲಾಸ ಅಲ್ಲರೀ, ಲಿಂಗಸುಗೂರು. ನಮ್ಮಣ್ಣ ನಾಗರ ಪಂಚಮಿಗಿ ಕರಿಯಾಕ ಬರಲಿಲ್ಲ. ಹನ್ನೊಂದು ವರ್ಷಾತು. ಯಾರ ಮುಂದೂ ಹೇಳಿಲ್ಲ.”

ತವರಿನ ಹೊಲದ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಲು ಒಂದೇ ಒಂದು ದಿನ ತಡ ಮಾಡಿದ್ದಳಂತೆ. ಮರುದಿನ ಹಾಕಿದರೂ ಅಣ್ಣನ ಸಿಟ್ಟು ಇಳಿಯಲಿಲ್ಲ. ಬಸ್ಸಿನಲ್ಲಿ ಎರಡು ತಾಸೂ ಆಗದ ಊರು. “ನೀವ ಹೋಗಿ ಬರ್ರಿ ಅಕ್ಕ” ಅಂದರೆ, “ಯಾರೂ ಕರೀದ ಹೋದ್ರ ಅದು ತವರು ಹ್ಯಾಂಗಾದೀತ್ರೀ?” ಅನ್ನುತ್ತಿದ್ದಳು. ಪ್ರತಿ ಪಂಚಮಿಯಂದು ರೊಟ್ಟಿ ಬಂದ್. ಎಳ್ಳು, ಶೇಂಗಾದ ಉಂಡಿ ಕಟ್ಟಿಟ್ಟು, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ಕೂರುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಉಂಡಿಯ ಡಬ್ಬಿ ನಮ್ಮ ಮನೆಗೆ ಬರುತ್ತಿತ್ತು.

ಹೋದ ವರ್ಷ ಅಕ್ಕ ತೀರಿಕೊಂಡಳು. ಅಣ್ಣನಿಗೆ ಫೋನು ಮಾಡಿದವನು ನಾನೇ. ಮಧ್ಯಾಹ್ನದ ಹೊತ್ತಿಗೆ ಬಂದ, ತವರಿನ ಕಡೆಯಿಂದ ಹೊದಿಸುವ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು. ಮುದುಕನಾಗಿದ್ದ. ಸೀರೆ ಹೊದಿಸಿ ಅಲ್ಲೇ ಪಕ್ಕದಲ್ಲಿ ಕೂತ. ಭಜನೆಯವರು ಅಕ್ಕನ ಪದವನ್ನೇ ಎತ್ತಿಕೊಂಡರು. ಹಾಡು ಮುಗಿದಾಗ ಅವನು ನನ್ನ ಹತ್ತಿರ ಸರಿದ.

“ಮಾಸ್ತರ, ಇದರ ಅರ್ಥ ಏನ್ರೀ? ನನ್ನ ಮ್ಯಾಲೆ ಕಟ್ಯಾಳೇನ್ರೀ?”

“ಇಲ್ಲರೀ. ತವರು ಅಂದ್ರ ಕೈಲಾಸ” ಅಂದೆ.

ಅವನು ಕಣ್ಣೊರೆಸಿಕೊಂಡು ಗೋಡೆಗೆ ಒರಗಿದ. ಎದೆ ಹಗುರಾದದ್ದು ಮುಖದಲ್ಲೇ ಕಾಣುತ್ತಿತ್ತು.

ಅಂದಿನಿಂದ ಭಜನೆಯಲ್ಲಿ ಅರ್ಥ ಹೇಳುವುದನ್ನು ಬಿಟ್ಟಿದ್ದೇನೆ. ಅಣ್ಣನನ್ನು ಮನ್ನಿಸುವುದೋ ಬಿಡುವುದೋ ಅಕ್ಕನಿಗೆ ಸೇರಿದ್ದಾಗಿತ್ತು. ಅವಳು ಅಲ್ಲೇ ಮಲಗಿರುವಾಗ, ಅವಳನ್ನೊಂದು ಮಾತೂ ಕೇಳದೆ, ನಾನೇ ಮನ್ನಿಸಿ ಕಳಿಸಿಬಿಟ್ಟೆ.