ಎರಡು ಇಂಚು ಹೆಚ್ಚಿಗೆ

ನನ್ನ ತಂಗಿ ಹೋಗಿ ಎರಡು ವರ್ಷವಾಯಿತು. ಅವಳಿಗೆಂದು ನಾನು ಮಾಡಿದ ಎದೆಕವಚ ಸೊಲ್ಲಾಪುರದ ಹತ್ತಿರದ ವಳಸಂಗದಲ್ಲಿ ನಮ್ಮ ಮನೆಯ ಅಟ್ಟದ ಮೇಲೆ ಹಾಗೇ ಇದೆ. ಕವಚ ಎಂದರೆ ಕಬ್ಬಿಣದ್ದಲ್ಲ, ಫೋಮಿನದು. ಫೋಮಿನ ದಪ್ಪ ಹಾಳೆಯನ್ನು ಕತ್ತರಿಸಿ, ಬಿಸಿಗಾಳಿ ಹೊಡೆಯುವ ಯಂತ್ರದಿಂದ ಕಾಯಿಸಿ, ಮೊಣಕಾಲ ಮೇಲಿಟ್ಟು ಬಗ್ಗಿಸಿ, ಅಂಟು ಹಚ್ಚಿ ಕಂದು ಬಣ್ಣ ಬಳಿದರೆ ಹತ್ತು ಹೆಜ್ಜೆ ದೂರದಿಂದ ಚರ್ಮದ್ದೇ ಅನ್ನಬೇಕು. ಕತ್ತಿಯೂ ಅಷ್ಟೇ. ಒಳಗೆ ಪ್ಲಾಸ್ಟಿಕ್ ಪೈಪು, ಸುತ್ತ ಮೆತ್ತನೆಯ ಫೋಮು, ಮೇಲೆ ಬಟ್ಟೆಯ ಗವಸು. ಎಷ್ಟು ಜೋರಾಗಿ ಬೀಸಿದರೂ ಧಪ್ ಅನ್ನುತ್ತದೆ, ಗಾಯ ಮಾಡುವುದಿಲ್ಲ.

ಈ ಹುಚ್ಚು ಹಚ್ಚಿದವಳು ತಂಗಿಯೇ. ಅಕ್ಕಲಕೋಟದ ಒಂದು ಔಷಧದಂಗಡಿಯಲ್ಲಿ ಅವಳಿಗೆ ಕೆಲಸ. ಅಲ್ಲಿ ಇಪ್ಪತ್ತು ಜನ ಗೆಳೆಯ ಗೆಳತಿಯರು ಫೋನಿನಲ್ಲಿ ನೋಡಿ ಕಲಿತು, ಭಾನುವಾರ ಊರಾಚೆಯ ಜೋಳ ಕೊಯ್ದ ಹೊಲದಲ್ಲಿ ಎರಡು ದಂಡು ಕಟ್ಟಿ ಯುದ್ಧದ ಆಟ ಆಡುತ್ತಿದ್ದರು. ನಾನು ಸೊಲ್ಲಾಪುರದಲ್ಲಿ ಶಾಲೆಯ ಯೂನಿಫಾರ್ಮ್ ತಯಾರಿಸುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. "ಅಕ್ಕಾ, ನನಗೊಂದು ಢಾಲು ಮಾಡಿಕೊಡವಾ" ಎಂದು ಒಂದು ಗುರಾಣಿಯಿಂದ ಶುರುವಾದದ್ದು, ಆರು ತಿಂಗಳೊಳಗೆ ಇಡೀ ದಂಡಿಗೆ ನಾನೇ ಕಮ್ಮಾರಳಾದೆ. ಅಂಟಿನ ನಾತಕ್ಕೆ ಅವ್ವ ಮೂಗು ಮುಚ್ಚಿಕೊಂಡು, "ಎರಡೂ ಕತ್ತಿ ಹಿಡದ್ವು, ಇನ್ನ ಲಟ್ಟಣಗಿ ಯಾರು ಹಿಡೀಬೇಕು?" ಎಂದು ಬೈಯುತ್ತಿದ್ದಳು. ಎಸ್‌ಟಿ ಬಸ್ಸಿನ ಕಂಡಕ್ಟರನಂತೂ ನಮ್ಮ ಕಟ್ಟು ನೋಡಿದೊಡನೆ, "ತಲವಾರಿಗೂ ಹಾಫ್ ತಿಕೀಟು ಹರೀಲೇನ್ರಿ ತಾಯಿ?" ಎನ್ನುತ್ತಿದ್ದ.

ಎಲ್ಲರಿಗೂ ಅಳತೆ ತೆಗೆದು ಮಾಡಿಕೊಟ್ಟೆ. ತಂಗಿಗೆ ಮಾತ್ರ ಉಳಿದ ತುಂಡುಗಳನ್ನು ಜೋಡಿಸಿದ ಕವಚ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಮನೆಯವಳು ತಾನೆ, ಯಾವಾಗಲಾದರೂ ಮಾಡಿದರಾಯಿತು ಅಂದುಕೊಂಡಿದ್ದೆ.

ಆಮೇಲೆ ಅವಳಿಗೆ ರಕ್ತದ ಕಾಯಿಲೆ ಬಂತು. ಏಳು ತಿಂಗಳು ಸೊಲ್ಲಾಪುರದ ದವಾಖಾನೆಗೆ ಓಡಾಡಿದೆವು. ಆಟದ ಗೆಳೆಯರಿಗೆ ಅವಳು ಪುಣೆಯಲ್ಲಿ ಕೆಲಸ ಸಿಕ್ಕಿತೆಂದು ಹೇಳಿಬಿಟ್ಟಿದ್ದಳು. ಕೂದಲು ಹೋಯಿತು, ಮೈ ಅರ್ಧವಾಯಿತು. ಕೊನೆಗೊಂದು ದಿನ ಡಾಕ್ಟರು, ಇನ್ನು ಮನೆಯಲ್ಲೇ ಇರಲಿ, ಬೇಕಾದ್ದು ಮಾಡಲಿ ಅಂದರು. ಹಾಗೆಂದರೇನೆಂದು ಅವಳಿಗೆ ತಿಳಿಯಿತು. ನನಗೂ ತಿಳಿಯಿತು, ಆದರೆ ನಾನು ಒಪ್ಪಲಿಲ್ಲ.

ಅವಳಿಗೆ ಬೇಕಾದದ್ದು ಒಂದೇ ಆಟ.

"ಮನ್ಯಾಗ ಎಲ್ಲಾರೂ ನನ್ನ ಗಾಜಿನ ಬರಣಿ ಹಿಡದಂಗ ಹಿಡ್ಯಾಕತ್ತೀರಿ. ಅಲ್ಲಿ ಹೋಗಿ ನಾಕು ಏಟು ಕೊಟ್ಟು, ನಾಕು ತಿಂದು ಬರ್ತೀನಿ. ಆದ್ರ ಯಾರಿಗೂ ಗೊತ್ತಾಗಬಾರದು. ಗೊತ್ತಾದ್ರ ಹೊಡ್ಯಾಂಗಿಲ್ಲ ಅವ್ರು. ಮೈಗಿ ಬರೋಬರ್ ಕೂಡುವಂಥಾ ಕವಚ ಮಾಡಿಕೊಡು. ಶಿರಸ್ತ್ರಾಣ ಹಾಕೊಂಡ್ರ ತಲಿ ಕಾಣಂಗಿಲ್ಲ, ಕವಚ ಹಾಕೊಂಡ್ರ ಮೈ ಕಾಣಂಗಿಲ್ಲ."

ನಮ್ಮ ಕೆಲಸದಲ್ಲಿ ಎದೆಯ ಅಳತೆಗೆ ಟೇಪು ಸಾಲದು. ಹಳೆಯ ಬನಿಯನ್ನಿನ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಅಂಟುಪಟ್ಟಿ ಹಚ್ಚುತ್ತಾ ಹೋಗುತ್ತೇವೆ. ಮೈ ಇದ್ದ ಹಾಗೇ ಚಿಪ್ಪು ಬರುತ್ತದೆ. ಪೆನ್ನಿನಿಂದ ಗೆರೆ ಎಳೆದು, ಬಗಲಲ್ಲಿ ಕತ್ತರಿಸಿ ಬಿಡಿಸಿದರೆ ಅದೇ ನಮೂನೆ. ತಂಗಿಗೆ ಸುತ್ತುವಾಗ ಪಕ್ಕೆಲುಬುಗಳು ಒಂದೊಂದೇ ನನ್ನ ಬೆರಳಿಗೆ ಸಿಕ್ಕವು. ಅವಳು ಕಚಗುಳಿಯಾಗುತ್ತದೆಂದು ನಕ್ಕಳು. ನಾನು ಗದರಿದೆ.

ಬಿಡಿಸಿದ ಚಿಪ್ಪು ಎಂಟನೇ ಇಯತ್ತೆಯ ಹುಡುಗಿಯದಷ್ಟಿತ್ತು. ಶಾಲೆಯ ಬಟ್ಟೆ ಕತ್ತರಿಸುವ ನಮಗೆ ಒಂದು ನಿಯಮ ಕೈಗೇ ಅಂಟಿಕೊಂಡಿದೆ. ಬೆಳೆಯುವ ಮಗುವಿಗೆ ಎರಡು ಇಂಚು ಹೆಚ್ಚಿಗೆ ಬಿಡಬೇಕು. ಹೆಚ್ಚಿದ್ದರೆ ಮಡಚಬಹುದು, ಕಡಿಮೆಯಾದರೆ ಎಲ್ಲಿಂದ ತರುವುದು? ಆದರೆ ಅಂದು ಕೈ ತಪ್ಪಿ ಬಿಟ್ಟೆನೆಂದರೆ ಸುಳ್ಳಾಗುತ್ತದೆ. ಗೊತ್ತಿದ್ದೇ ಬಿಟ್ಟೆ. ಡಾಕ್ಟರು ದೇವರೇನಲ್ಲ, ಇವಳು ಮೈ ತುಂಬಿಕೊಳ್ಳುತ್ತಾಳೆ, ಮುಂದಿನ ವರ್ಷವೂ ಇದನ್ನೇ ತೊಡುತ್ತಾಳೆ ಎಂದು ನಿಧಾನವಾಗಿ, ಗೆರೆಯಿಂದಾಚೆ, ಕತ್ತರಿ ಆಡಿಸಿದೆ. ಫೋಮು ಬಟ್ಟೆಯಲ್ಲ, ಮಡಚಲು ಬರುವುದಿಲ್ಲ ಎನ್ನುವುದನ್ನು ಬೇಕೆಂದೇ ಮರೆತೆ.

ಬಣ್ಣ ಒಣಗಿದ್ದು ಭಾನುವಾರ ಬೆಳಿಗ್ಗೆ. ತೊಟ್ಟು ನೋಡಲು ಹೊತ್ತಿರಲಿಲ್ಲ, ಬಸ್ಸು ಹತ್ತಿದೆವು. ಹೊಲದ ಬೇವಿನ ಮರದ ಮರೆಯಲ್ಲಿ ಕವಚ ತೊಡಿಸಿದೆ. ಪಟ್ಟಿಗಳನ್ನು ಕೊನೆಯ ತೂತಿನತನಕ ಎಳೆದೆ. ಆದರೂ ಕೈ ತೂರಿಸುವಷ್ಟು ಜಾಗ ಉಳಿಯಿತು.

ಅವಳು ನನ್ನ ಮುಖ ನೋಡಿದಳು. "ಹೆಚ್ಚಿಗಿ ಬಿಟ್ಟೀಯೇನ?"

ನಾನು ಪಟ್ಟಿಯನ್ನು ಮತ್ತೊಮ್ಮೆ ಎಳೆದು ನೋಡಿದೆ. ಅಷ್ಟರಲ್ಲಿ ಆಚೆಯಿಂದ ಕೂಗಿದರು. ಅವಳು ಕತ್ತಿ ಎತ್ತಿಕೊಂಡು ಹೊರಟೇಬಿಟ್ಟಳು.

ಮೊದಲ ಓಟ ಚೆನ್ನಾಗಿಯೇ ಓಡಿದಳು. ಅವಳ ಹಳೆಯ ಎದುರಾಳಿ, ಬೇಕರಿಯಲ್ಲಿ ಕೆಲಸ ಮಾಡುವ ದಢೂತಿ ಆಳು, "ಬಾರವಾ ಪುಣೇಕಾರ್ತಿ!" ಎಂದು ನಗುತ್ತಾ ಕತ್ತಿ ಎತ್ತಿದ. ಅವಳು ಬದಿಗೆ ಹಾರಿದಳು. ಕವಚ ಗರ್ರನೆ ತಿರುಗಿ, ಒಳಗಿನ ಅಂಗಿಯನ್ನೂ ಎಳೆದುಕೊಂಡು ಭುಜದಿಂದ ಜಾರಿತು. ಒಳಗಿನ ಕೊರಳ ಎಲುಬು, ತೋಳು, ಸೂಜಿ ಚುಚ್ಚಿದ ಕಪ್ಪು ಕಲೆಗಳು ಎಲ್ಲ ಕಂಡವು. ಅವನ ಕತ್ತಿ ಎತ್ತಿದಲ್ಲೇ ನಿಂತಿತು.

"ಏನಾಗೇದ ನಿನಗ?" ಎಂದ.

"ಏನಿಲ್ಲ, ಹೊಡಿ," ಎಂದಳು. ಅವನು ಕತ್ತಿ ಕೆಳಗಿಟ್ಟ. ಅವನನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಇನ್ನೊಬ್ಬಳು. ಯಾರೋ ನೀರು ತಂದರು, ಯಾರೋ ನೆರಳಿಗೆ ಕಂಬಳಿ ಹಾಸಿದರು. ಒಬ್ಬರೂ ಕೆಟ್ಟವರಲ್ಲ. ಅದಕ್ಕೇ ಒಬ್ಬರೂ ಹೊಡೆಯಲಿಲ್ಲ.

ವಾಪಸು ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. "ನೀ ಮೈ ತುಂಬ್ಕೋತಿ ಅಂತ ಬಿಟ್ಟೆ" ಎಂದೆ. "ಗೊತ್ತೈತಿ" ಎಂದಳು. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅವಳು ಅಂಗಳದಲ್ಲೇ ನಿಂತು ಮತ್ತೆ ಕವಚ ತೊಟ್ಟು, ಕತ್ತಿಯನ್ನು ನನ್ನ ಕೈಗೆ ಕೊಟ್ಟಳು.

"ನೀನರ ಹೊಡಿ, ಅಕ್ಕಾ. ಜೋರಾಗಿ ಹೊಡಿ. ನೀನೇ ಮಾಡಿದ್ದು, ನನಗೇನೂ ಆಗಂಗಿಲ್ಲ."

ಏನೂ ಆಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕತ್ತಿ ಎತ್ತಿದೆ. ಅವಳು ಕಾಲು ಅಗಲಿಸಿ, ಗದ್ದ ಎತ್ತಿ, ಕಣ್ಣು ಪಿಳುಕಿಸದೆ ನಿಂತಿದ್ದಳು. ನನ್ನ ಕೈ ಇಳಿದು ಅವಳ ಭುಜವನ್ನು ಸುಮ್ಮನೆ ಸವರಿತು.

"ಮುಟ್ಟಬ್ಯಾಡ, ಹೊಡಿ."

ಆಗಲಿಲ್ಲ. ಕತ್ತಿ ಬಿಟ್ಟು ಅಲ್ಲೇ ಕೂತು ಅತ್ತೆ. ಅವಳು ಸ್ವಲ್ಪ ಹೊತ್ತು ಹಾಗೇ ನಿಂತು ಕಾದಳು. ಆಮೇಲೆ ತಾನೇ ಪಟ್ಟಿಗಳನ್ನು ಬಿಚ್ಚಿ, ಬಂದು ನನ್ನ ಬೆನ್ನು ಸವರಿದಳು. "ಇರ್ಲಿ ಬಿಡು, ಅಳಬ್ಯಾಡ" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಅದಾದ ಹತ್ತೊಂಬತ್ತನೆಯ ದಿನ ಹೋದಳು. ಹುಟ್ಟಿದಾಗಿನಿಂದ ನನ್ನ ಹಳೆಯ ಲಂಗ, ನನ್ನ ಹಳೆಯ ಪುಸ್ತಕಗಳಲ್ಲೇ ಬೆಳೆದವಳು, ಆ ಢಾಲು, ಈ ಕವಚ ಬಿಟ್ಟರೆ ಬಾಯಿಬಿಟ್ಟು ಏನನ್ನೂ ಬೇಡಿದವಳಲ್ಲ. ಕೊನೆಗೆ ನನ್ನಿಂದ ಬೇಡಿದ್ದು ಒಂದು ಏಟು. ಅದನ್ನೂ ನಾನು ಕೊಡಲಿಲ್ಲ.