ಇರ್ಮಾ ತೊಳೆದ ಮೂರನೇ ಪಾತ್ರೆ

ಇರ್ಮಾ ಲೋಬಾಖ್ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಎರಡು ಬೆರಳಗಲ ಬಂತು. ನಮ್ಮ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ಗಾಜು ತೊಳೆದವಳು. ಅವಳ ಬಗ್ಗೆ ನಾಲ್ಕು ಮಾತು ಬರೆಯೋಕೆ ಯಾರೂ ಇಲ್ಲ. ಇರೋಳು ನಾನೊಬ್ಬಳು, ನನಗೆ ಆ ಯೋಗ್ಯತೆ ಇಲ್ಲ. ಆದರೂ ಬರೀತೀನಿ. ಓದಿದ ಮೇಲೆ ಉಗೀಬೇಕು ಅನಿಸಿದರೆ ಉಗೀರಿ.

ರೈನ್ ನದಿ ದಂಡೆಯ ಬ್ರೂವರಿಯಲ್ಲಿ ಬಿಯರ್ ಸೀಸೆ ತೊಳೆಯುತ್ತಿದ್ದವನ ಮಗಳು ಅವಳು. ಗಂಡ ಬಿಟ್ಟುಹೋದ ವರ್ಷವೇ ನಮ್ಮಲ್ಲಿಗೆ ಬಂದಳು. ಮಾತು ಕಮ್ಮಿ, ಮುಖ ಗಂಟು. ತೊಳೆದ ಪ್ರತಿ ಗಾಜನ್ನೂ ಕಿಟಕಿ ಬೆಳಕಿಗೆ ಹಿಡಿಯೋಳು. ನೀರು ತೆಳ್ಳಗೆ ಹಾಳೆ ಹಾಗೆ ಇಳಿದುಹೋಗಬೇಕು. ಎಲ್ಲಾದರೂ ಒಂದು ಹನಿ ನಿಂತರೆ ಅಲ್ಲಿ ಜಿಡ್ಡಿದೆ ಅಂತ ಅರ್ಥ. "ಹನಿ ನಿಂತಿದೆ" ಅಂತ ಗೊಣಗಿ ಮತ್ತೆ ಮೊದಲಿಂದ ಶುರು ಮಾಡೋಳು. ಡಾಕ್ಟರೇಟ್ ಮಾಡೋ ಹುಡುಗಿಯರು ಬೆನ್ನ ಹಿಂದೆ ಅವಳನ್ನ ಅಣಕಿಸಿ ನಗುತ್ತಿದ್ದರು. ಅಲ್ಲೇ ಸಹಾಯಕಿಯಾಗಿದ್ದ ನಾನೂ ನಕ್ಕಿದ್ದೀನಿ.

ನಮ್ಮ ಪ್ರೊಫೆಸರ್ ಟೀಲ್ಮಾನ್‌ಗೆ ಒಂದೇ ಹುಚ್ಚು. ಜೀವ ಹುಟ್ಟೋಕೆ ಮೊದಲೇ ಜೀವದ ಒಲೆ ಹೊತ್ತಿತ್ತು ಅಂತ ತೋರಿಸಬೇಕು. ನಾಲ್ಕು ನೂರು ಕೋಟಿ ವರ್ಷದ ಹಿಂದೆ, ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳಲ್ಲಿ, ಜೀವಕೋಶ ಅನ್ನೋದೇ ಇಲ್ಲದಾಗ, ಹೈಡ್ರೋಜನ್ನೂ ಕಾರ್ಬನ್ ಡೈಆಕ್ಸೈಡೂ ಕಬ್ಬಿಣದ ಕಲ್ಲಿನ ಮೇಲೆ ಕೂಡಿ ಅಸಿಟೇಟ್ ಆಯಿತು ಅಂತ ಅವರ ವಾದ. ಅಸಿಟೇಟ್ ಅಂದರೆ ಬೇರೇನಲ್ಲ, ವಿನೆಗರ್‌ನ ಹುಳಿ. ಗಾಳಿ ಬೇಡದ ಕೆಲವು ಸೂಕ್ಷ್ಮಜೀವಿಗಳು ಇವತ್ತಿಗೂ ಈ ದಾರಿಯಲ್ಲೇ ಹೊಟ್ಟೆ ಹೊರೆಯುತ್ತವೆ. ಹಾಗಾಗಿ ಆ ಹುಳಿಯೇ ಜೀವದ ಮೊದಲ ಅಡುಗೆ ಇರಬೇಕು ಅಂತ.

ಇದಕ್ಕೆ ನಮ್ಮಲ್ಲಿ ಮೂರು, ನಾಲ್ಕು ಅಂತ ನಂಬರ್ ಹಾಕಿದ ಎರಡು ಉಕ್ಕಿನ ಪಾತ್ರೆಗಳಿದ್ದವು. ಮೂರನೇ ನಂಬರಿನದಕ್ಕೆ ಕಲ್ಲಿನ ಪುಡಿ. ನಾಲ್ಕನೇದಕ್ಕೆ ಕಲ್ಲಿಲ್ಲ, ಬರೀ ನೀರು, ಹೋಲಿಸಿ ನೋಡೋಕೆ. ಎರಡಕ್ಕೂ ಅನಿಲ ತುಂಬಿ, ಮುಚ್ಚಳ ಬಿಗಿದು, ವಾರಗಟ್ಟಲೆ ಕಾಯಿಸೋದು. ಅನಿಲ ಸೋರದ ಹಾಗೆ ಮುಚ್ಚಳದಡಿ ಒಂದು ರಬ್ಬರ್ ಬಳೆ. ಪಾತ್ರೆಗೆ ಕಟ್ಟಿದ ಬಿಳಿ ಸುಣ್ಣ ತೆಗೆಯೋಕೆ ಪ್ರಯೋಗಶಾಲೆಯದೇ ಆಸಿಡ್ ಇತ್ತು, ಅದರಲ್ಲಿ ನೆನೆಹಾಕಿ ತೊಳೆಯೋಕೆ ಇಡೀ ದಿನ ಬೇಕು. ತೊಳೆದವರು ಪುಸ್ತಕದಲ್ಲಿ ತಾರೀಖು ಹಾಕಿ ಸಹಿ ಮಾಡಬೇಕು. ಆ ಪುಸ್ತಕ ಇರ್ಮಾ ಮಾಡಿದ ಕಾಯಿದೆ.

ಇರ್ಮಾ ನಿವೃತ್ತಿಯ ಹಿಂದಿನ ವರ್ಷ, ವೇಷ ಹಾಕಿ ಬೀದಿಯಲ್ಲಿ ಕುಣಿಯೋ ಕಾರ್ನಿವಲ್‌ನ ಗುರುವಾರ. ನಮ್ಮ ಕಡೆ ಅವತ್ತು ಹೆಂಗಸರದೇ ದರ್ಬಾರು. ಹನ್ನೊಂದು ಹೊಡೆದ ಮೇಲೆ ಕೆಲಸ ಮಾಡೋಳು ದಡ್ಡಿ. ಇರ್ಮಾ ಹಲ್ಲು ಕೀಳಿಸೋಕೆ ಹೋಗಿದ್ದಳು. ಮೂರನೇ ಪಾತ್ರೆ ತೊಳೆಯೋದು ನನ್ನ ಪಾಲಿಗೆ ಬಂತು. ಮುಖಕ್ಕೆ ಬಣ್ಣ ಬಳಿದು, ಕೆಂಪು ಮೂಗು ಸಿಕ್ಕಿಸಿಕೊಂಡು ರೆಡಿಯಾಗಿ ನಿಂತಿದ್ದೀನಿ, ಕೆಳಗೆ ಗೆಳತಿಯರು ಕೂಗ್ತಿದ್ದಾರೆ. ಸುಣ್ಣ ಹೋಗ್ತಾ ಇಲ್ಲ. ಸಿಂಕಿನ ಕೆಳಗೆ ಇರ್ಮಾಳ ವಿನೆಗರ್ ಬಾಟಲಿ ಇತ್ತು. ಕಾಫಿ ಯಂತ್ರದ ಸುಣ್ಣ ತೆಗೆಯೋಕೆ ಇಟ್ಟುಕೊಂಡಿದ್ದು, ಮೇಲೆ ಅವಳ ಹೆಸರು. ನಮ್ಮ ಊರಿನ ಗಡಸು ನೀರಿಗೆ ಎಲ್ಲರ ಮನೆಯಲ್ಲೂ ಅದೇ ಮದ್ದು. ಮುಚ್ಚಳ, ಬಳೆ ಎಲ್ಲಾನೂ ಅದರಲ್ಲಿ ಮುಳುಗಿಸಿದೆ. ಸುಣ್ಣ ಬುಸುಬುಸು ಕರಗಿತು. ಮೂರು ಸಲ ನೀರಲ್ಲಿ ಜಾಲಿಸಿ, ಪುಸ್ತಕದಲ್ಲಿ ಸಹಿ ಹಾಕಿ ಓಡಿದೆ. ಅವತ್ತು ಚೆನ್ನಾಗಿ ಕುಣಿದೆ ಕೂಡ.

ರಬ್ಬರು ವಿನೆಗರ್ ಕುಡಿದು ಕೂತಿತ್ತು. ಬಿಸಿಯಾದಾಗಲೆಲ್ಲ ಸ್ವಲ್ಪ ಸ್ವಲ್ಪ ಬಿಡುತ್ತಿತ್ತು.

ಮೂರನೇ ಪಾತ್ರೆಯಲ್ಲಿ ಅಸಿಟೇಟ್ ಸಿಕ್ಕಿತು, ನಾಲ್ಕನೇದರಲ್ಲಿ ಇಲ್ಲ. ಟೀಲ್ಮಾನ್ ಅತ್ತೇಬಿಟ್ಟರು. ಎರಡನೇ ಸಲ ಕಮ್ಮಿ ಸಿಕ್ಕಿತು, ಮೂರನೇ ಸಲ ಇನ್ನೂ ಕಮ್ಮಿ. ಕಲ್ಲು ದಣಿಯುತ್ತಿದೆ ಅಂತ ಅವರೇ ಒಂದು ಕಾರಣ ಕಟ್ಟಿಕೊಂಡರು. ಪ್ರಬಂಧ ಅಚ್ಚಾಯಿತು. ಕೊನೆಯಲ್ಲಿ ವಂದನೆಯ ಸಾಲು: ಕಳಂಕವಿಲ್ಲದ ಪಾತ್ರೆಗಳಿಗಾಗಿ ಇರ್ಮಾ ಲೋಬಾಖ್ ಅವರಿಗೆ.

ಅಷ್ಟು ವರ್ಷದಲ್ಲಿ ಅವಳ ಹೆಸರು ಅಚ್ಚಾಗಿದ್ದು ಅದೇ ಮೊದಲು. ಆ ಪುಟ ಕತ್ತರಿಸಿ, ನೀರು ತಾಗದ ಹಾಗೆ ಪ್ಲಾಸ್ಟಿಕ್ ಹಾಕಿ, ಸಿಂಕಿನ ಮೇಲೆ ಅಂಟಿಸಿದಳು. ನಿವೃತ್ತಿ ದಿನ ಕಿತ್ತು ಮನೆಗೆ ಒಯ್ಯುತ್ತೀನಿ ಅಂದಿದ್ದಳು. ಅವಳಿಗೆ ಬೇರೆ ಆಸೆ ಇರಲಿಲ್ಲ.

ಮುಂದಿನ ಬೇಸಿಗೆಗೆ ಎಲ್ಲಾ ಮುರಿದುಬಿತ್ತು. ಬೇರೆ ದೇಶದವರು ಎಷ್ಟು ಸಲ ಮಾಡಿದರೂ ಅಸಿಟೇಟ್ ಬರಲಿಲ್ಲ. ಕೊನೆಗೆ ನಮ್ಮವರೇ ಮಾಮೂಲಿಗಿಂತ ತೂಕ ಹೆಚ್ಚಿರುವ, ಹಾಗಾಗಿ ಎಲ್ಲಿ ಹೋದರೂ ಗುರುತು ಸಿಗುವ ಕಾರ್ಬನ್ನಿನ ಅನಿಲ ತುಂಬಿಸಿ ನೋಡಿದರು. ಹುಳಿ ಆ ಅನಿಲದಿಂದ ಹುಟ್ಟಿದ್ದಾದರೆ ಗುರುತು ಹುಳಿಯಲ್ಲೂ ಇರಬೇಕಲ್ಲ? ಇರಲಿಲ್ಲ. ರಬ್ಬರ್ ಬಳೆ ಕತ್ತರಿಸಿ ಪರೀಕ್ಷೆ ಮಾಡಿದರು. ಅಡುಗೆ ಮನೆ ವಿನೆಗರ್. ಜೀವದ ಮೊದಲ ಅಡುಗೆ ಅಂತ ಲೋಕವೆಲ್ಲ ಕೊಂಡಾಡಿದ್ದು ಸೌತೆಕಾಯಿ ಸಲಾಡಿಗೆ ಸುರಿಯೋ ಹುಳಿ. ಕೇಳಿದ ತಕ್ಷಣ ನನಗೆ ಕೆಂಪು ಮೂಗು ನೆನಪಾಯಿತು.

ಟೀಲ್ಮಾನ್ ಎಲ್ಲರನ್ನೂ ಕಾಫಿ ಕೋಣೆಗೆ ಕರೆದು, ಮೇಜಿನ ಮೇಲೆ ಇರ್ಮಾಳ ಬಾಟಲಿ ಇಟ್ಟರು.

"ಮೂವತ್ತು ವರ್ಷ ತೊಳೆದೂ ಕಾಫಿ ಯಂತ್ರ ಯಾವುದು, ನನ್ನ ಪಾತ್ರೆ ಯಾವುದು ಅಂತ ಗೊತ್ತಾಗಲಿಲ್ಲವಾ, ಫ್ರಾವ್ ಲೋಬಾಖ್?"

ಯಾರೋ ಕಿಸಕ್ಕಂತ ನಕ್ಕರು. ಇರ್ಮಾ ಎದ್ದು ಹೋಗಿ, ಹಿಂದಿನ ವರ್ಷದ ಪುಸ್ತಕ ತಂದಳು. ಸರಿಯಾದ ಪುಟ ತೆಗೆದು ನನ್ನ ಮುಂದೆ ಇಟ್ಟಳು.

"ನೀನೇ ಓದು, ಮಾರ್ಲೀಸ್."

ಕಾರ್ನಿವಲ್ ಗುರುವಾರ, ಮೂರನೇ ಪಾತ್ರೆ, ಕೆಳಗೆ ನನ್ನ ಸಹಿ. ಬಾಲ ಉದ್ದ ಎಳೆದು, ಖುಷಿಯಲ್ಲಿ ಹಾಕಿದ ಸಹಿ. ನನಗೆ ಇನ್ನೂ ಹದಿನಾಲ್ಕು ವರ್ಷ ಆ ಮನುಷ್ಯನ ಕೈಕೆಳಗೆ ಕೆಲಸ ಇತ್ತು. ಅವಳಿಗೆ ಇನ್ನು ಎರಡೇ ತಿಂಗಳು. ಹೋಗೋಳ ತಲೆ ಮೇಲೆ ಹೊರಿಸಿದರೆ ಏನು ಮಹಾ ಅಂತ ಲೆಕ್ಕ ಹಾಕಿದೆ. ಹಾಗೆ ಲೆಕ್ಕ ಹಾಕೋಕೆ ಒಂದು ಗುಟುಕು ಕಾಫಿ ಕುಡಿಯೋವಷ್ಟು ಹೊತ್ತೂ ಹಿಡಿಯಲಿಲ್ಲ.

"ಇರ್ಮಾದೇ ಸಹಿ" ಅಂದೆ.

ಟೀಲ್ಮಾನ್ ಪುಸ್ತಕಕ್ಕೆ ಕೈ ಕೂಡ ಚಾಚಲಿಲ್ಲ. ತೊಳೆಯೋಳ ಪುಸ್ತಕ, ಅದರಲ್ಲಿ ನೋಡೋದೇನು. ಇರ್ಮಾ ನನ್ನ ಮುಖವನ್ನೇ ನೋಡಿದಳು. ಅವಳ ಕನ್ನಡಕ ಮೂಗಿನ ಮೇಲೇ ಇತ್ತು, ಯಾರ ಸಹಿ ಅಂತ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು.

ಪ್ರಬಂಧ ವಾಪಸು ತೆಗೆದುಕೊಂಡಿದ್ದೇವೆ ಅನ್ನೋ ಪ್ರಕಟಣೆ ತಿಂಗಳಲ್ಲೇ ಬಂತು. ತೊಳೆಯುವ ಸಿಬ್ಬಂದಿ ಇ. ಲೋಬಾಖ್ ಅವರ ಅಜಾಗರೂಕತೆಯಿಂದ ಅಂತ ಅದರಲ್ಲಿ. ಹೀಗೆ ಅವಳ ಹೆಸರು ಎರಡನೇ ಸಲ ಅಚ್ಚಾಯಿತು. ಯಾರೋ ಅದನ್ನೂ ಕತ್ತರಿಸಿ, ಸಿಂಕಿನ ಮೇಲೆ, ಮೊದಲನೇದರ ಪಕ್ಕಕ್ಕೇ ಅಂಟಿಸಿದರು. ಅವಳು ಎರಡನ್ನೂ ಕೀಳಲಿಲ್ಲ. ಅದರ ಕೆಳಗೇ ನಿಂತು ಉಳಿದ ದಿನವೆಲ್ಲ ತೊಳೆದಳು. ನಾನೂ ಕೀಳಲಿಲ್ಲ.

ನಮ್ಮಲ್ಲಿ ಕೆಲಸ ಬಿಡೋರೇ ಕೇಕ್ ತರಬೇಕು. ಸೆಪ್ಟೆಂಬರಿನ ಕೊನೆ ದಿನ ಇರ್ಮಾ ದೊಡ್ಡ ತಟ್ಟೆ ತುಂಬ ಪ್ಲಮ್ ಕೇಕ್ ಮಾಡಿ ತಂದಳು, ಹತ್ತೊಂಬತ್ತು ಜನಕ್ಕೆ. ಹತ್ತೊಂಬತ್ತು ತಟ್ಟೆ, ಹತ್ತೊಂಬತ್ತು ಫೋರ್ಕ್ ಜೋಡಿಸಿದಳು. ಮೂರು ಗಂಟೆ ಆಯಿತು, ಮೂರೂವರೆ ಆಯಿತು. ಬಂದವಳು ನಾನೊಬ್ಬಳೇ. ಅವಳು ದೊಡ್ಡ ತುಂಡು ಕತ್ತರಿಸಿ ನನಗೆ ಕೊಟ್ಟಳು. ಒಂದು ಚೂರೂ ಬಿಡದೆ ತಿಂದೆ.

"ನೀನು ಯಾಕೆ ಅವತ್ತೇ ಹೇಳಲಿಲ್ಲ?" ಅಂತ ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ.

"ನಾನು ಹೇಳಿದರೆ ಯಾರು ಕೇಳ್ತಿದ್ದರು? ನೀನು ಹೇಳ್ತೀಯ ಅಂತ ಪುಸ್ತಕ ಕೊಟ್ಟೆ. ಆಮೇಲೂ ಕಾದೆ. ಇವತ್ತಿನವರೆಗೂ ಕಾದೆ."

ನಾನು ತಲೆ ತಗ್ಗಿಸಿದೆ. ಯಾರೂ ಮುಟ್ಟದ ಹದಿನೆಂಟು ತಟ್ಟೆ ಅವಳು ಒಳಗಿಟ್ಟಳು. ನನ್ನದನ್ನು ಮಾತ್ರ ಮೇಜಿನ ಮೇಲೆ ಬಿಟ್ಟಳು.

"ನಿನ್ನದು ನೀನೇ ತೊಳಿ."

ತೊಳೆದೆ. ಸೋಪು ಹಾಕಿ, ಬಿಸಿನೀರು ಬಿಟ್ಟು, ಎರಡು ಸಲ ತೊಳೆದೆ. ಅವಳು ಕೋಟು ಹಾಕಿಕೊಂಡು ಬಂದು, ತಟ್ಟೆ ನನ್ನ ಕೈಯಿಂದ ತೆಗೆದುಕೊಂಡು ಕಿಟಕಿ ಬೆಳಕಿಗೆ ಹಿಡಿದಳು.

"ಹನಿ ನಿಂತಿದೆ" ಅಂದಳು. ತಟ್ಟೆ ಸಿಂಕಿನೊಳಗೆ ಇಟ್ಟು ಹೋದಳು.