ಪರಸವ್ವನ ಬಚ್ಚಲದ ಆನೆಹಲ್ಲು

ಸಾರವಾಡದ ಪರಸವ್ವನ ಬಚ್ಚಲದಲ್ಲಿ ಏಣೇಣಾದ ಒಂದು ಕಲ್ಲಿತ್ತು. ಗಂಡ ಬಾಬುವಿನ ಜೊತೆ ಕೊಂಕಣದ ಕಡಲದಂಡೆಗೆ ರಸ್ತೆ ಕೆಲಸಕ್ಕೆ ಹೋದಾಗ ದಿಬ್ಬ ಅಗೆಯುವಲ್ಲಿ ಸಿಕ್ಕಿದ್ದನ್ನು ಚೀಲದಲ್ಲಿ ಹೊತ್ತು ತಂದಿದ್ದಳು. ಎಂಥ ಒಡಕು ಹಿಮ್ಮಡಿಯೂ ಅದರ ಮೇಲೆ ತಿಕ್ಕಿದರೆ ನುಣುಪು. ಜಗಳಾಡಿ ಮಾತು ಬಿಟ್ಟವರೂ ಕಾಲು ತಿಕ್ಕಲು ಬರುತ್ತಿದ್ದರು.

ಪರಸವ್ವನ ತಿಕೋಟಾದ ಅಕ್ಕನ ಮಗಳು ಯಶೋಧರಾ ವಿಜಯಪುರದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವಳು. ಒಮ್ಮೆ ಕಾಲು ತೊಳೆಯಲು ಬಚ್ಚಲಕ್ಕೆ ಹೋದವಳು ಚೀರಿದಳು. ಹಾವೆಂದುಕೊಂಡು ಬಾಬು ಬಡಿಗೆ ಹಿಡಿದು ಓಡಿದ.

"ಚಿಗವ್ವಾ, ಇದು ಕಲ್ಲಲ್ಲ ಬೇ! ಆನಿ ದವಡಿ ಹಲ್ಲು!"

"ಹುಚ್ಚಿ, ಹಲ್ಲು ಬಾಯಾಗ ಇರ್ತದ, ಬಚ್ಚಲದಾಗ ಇರ್ತದೇನು?"

ಹಲ್ಲು ಅವತ್ತೇ ವಿಜಯಪುರದ ಬಸ್ಸು ಹತ್ತಿತು. ಅದರ ಚೂರು ಕೊರೆದು ದೂರದ ಲ್ಯಾಬಿಗೆ ಕಳಿಸಿದರು. ವಯಸ್ಸು ಲಕ್ಷ ವರ್ಷಕ್ಕೂ ಮೇಲೆಂದು ಉತ್ತರ ಬಂತು. ಸಂದಿನಲ್ಲಿ ಕಚ್ಚಿಕೊಂಡಿದ್ದ ಉಸುಕು, ಚಿಪ್ಪಿನ ಚೂರುಗಳಿಂದ ಆಗಿನ ಕಡಲು ಆ ದಿಬ್ಬದ ತನಕ ಬರುತ್ತಿತ್ತೆಂದೂ ತಿಳಿಯಿತು. ಆನೆ ಏನು ತಿನ್ನುತ್ತಿತ್ತೆಂದು ಮಾತ್ರ ಹಲ್ಲಿನ ಮೇಲಿನ ಗೀರು ನೋಡಿಯೇ ಹೇಳಬೇಕು. ಯಾವ ಗೀರು ಹುಲ್ಲಿನದು, ಯಾವುದು ಹಿಮ್ಮಡಿಯದು?

ಹಲ್ಲಿನ ಡಾಕ್ಟರು ಅಚ್ಚು ತೆಗೆಯುವ ಹಿಟ್ಟನ್ನು ಯಶೋಧರಾ ಸಾರವಾಡಕ್ಕೆ ಬಕೆಟ್‌ಗಟ್ಟಲೆ ತಂದಳು. ಗೀರಿಗೆ ಗೀರು ಹೋಲಿಸಿ ನೋಡಲು ಕಾಲು ತಿಕ್ಕಿದವರ ಹಿಮ್ಮಡಿಗಳ ಅಚ್ಚು ಬೇಕು! ಅಷ್ಟರಲ್ಲಿ, ಹಲ್ಲು ಸವೆಸಿದವರ ಮೇಲೆ ಕೇಸು ಆಗುತ್ತದೆಂದು ಯಾರೋ ಸುದ್ದಿ ಹಬ್ಬಿಸಿದ್ದರು.

"ನಾ ಒಂದ ದಿನಾನೂ ತಿಕ್ಕಿಲ್ಲರಿ," ಎಂದು ಪಕ್ಕದ ಮನೆಯ ರಾಚವ್ವ ಆಣೆ ಮಾಡಿದಳು. ಓಣಿಯಲ್ಲೆಲ್ಲ ಆಕೆಯ ಹಿಮ್ಮಡಿಯೇ ಮೆತ್ತಗಿತ್ತು.

ಪರಸವ್ವನಿಗೂ ಕೇಸಿನ ಅಂಜಿಕೆಯಿತ್ತು. ಆದರೂ ಸೀರೆ ಎತ್ತಿ ಕಟ್ಟಿ ಬಕೆಟ್ಟಿನಲ್ಲಿ ಕಾಲಿಟ್ಟಳು. "ಮೊದಲನೇ ಕಳ್ಳಿ ನಾನ. ತಗೋ ನಮ್ಮವ್ವಾ."

ಆಕೆಯನ್ನು ಯಾರೂ ಹಿಡಿದೊಯ್ಯದ್ದು ನೋಡಿ ಓಣಿ ಸಾಲುಗಟ್ಟಿತು. ಬಬಲೇಶ್ವರಕ್ಕೆ ಕೊಟ್ಟ ಹೆಣ್ಣುಮಕ್ಕಳೂ ತಮ್ಮ ಹಿಮ್ಮಡಿ ಬಿಟ್ಟುಹೋದೀತೆಂದು ಟಂಟಂ ಆಟೋ ಮಾಡಿಕೊಂಡು ಬಂದರು. ರಾಚವ್ವ ಎರಡೂ ಕಾಲು ಇಟ್ಟಳು.

ಕೊನೆಗೆ ವರದಿ ಬಂತು: ಆನೆ ತಿಂದದ್ದು ಒರಟು ಹುಲ್ಲು, ಅಡ್ಡ ಗೀರುಗಳು ಸಾರವಾಡದವು.

ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಲ್ಲು ನೋಡಲು ಪರಸವ್ವ ಕಾಲೇಜಿಗೆ ಹೋದಳು. ಚಪ್ಪಲಿ ಹೊರಗೇ ಬಿಟ್ಟು ಬಂದು ಕೈಮುಗಿದಳು. "ತಪ್ಪಾತು," ಅಂದವಳು ಯಶೋಧರಾಳ ಕಡೆ ತಿರುಗಿದಳು. "ಇದು ಗಂಡೋ, ಹೆಣ್ಣೋ?"

"ಒಂದ ಹಲ್ಲಿನಿಂದ ಗೊತ್ತಾಗೂದಿಲ್ಲ, ಚಿಗವ್ವಾ."

"ಇಷ್ಟು ಮಂದಿ ಮೈಮ್ಯಾಲೆ ಕಾಲು ತಿಕ್ಕಿದ್ರೂ ಸುಮ್ಮನಿತ್ತಲ್ಲ, ಹೆಣ್ಣ ಇರಬೇಕು ಬಿಡು."

ಯಶೋಧರಾ ನಕ್ಕಳು. ಪರಸವ್ವ ನಗಲಿಲ್ಲ, ಸೆರಗಿನಿಂದ ಗಾಜಿನ ಮೇಲಿನ ಧೂಳು ಒರೆಸುತ್ತ ನಿಂತಳು.